ಅಳತೆಗೆ ನಿಂತವನು

ಸಾರಾಂಶ ಇನ್ನೂರೈವತ್ತು ಪದ ಮೀರಕೂಡದು.
ಮೀರಿದೆ, ಮೂವತ್ತೊಂದು.
ಬಿಷ್ಕೆಕ್ಕಿನ ಕಲ್ಲಿದ್ದಲ ಹೊಗೆ ಕಿಟಕಿಗೆ ಮೂಗೊತ್ತಿ ನಿಂತಿದೆ,
ಸಂಸ್ಥೆಯ ಹೀಟರು ನಾಲ್ಕಕ್ಕೇ ತಣ್ಣಗಾಯಿತು.
ಕೋಟು ತೊಟ್ಟುಕೊಂಡೇ ವಿಶೇಷಣ ಕೀಳುತ್ತಿದ್ದೇನೆ:
'ಅಪರೂಪದ' ಹೋಯಿತು. 'ಸ್ಪಷ್ಟವಾಗಿ' ಹೋಯಿತು.
ಭೂಕಂಪದ ಹಿಂದಿದ್ದ 'ಭೀಕರ'ವನ್ನು ತೆಗೆದೆ,
ಭೂಕಂಪವೇನೂ ಸಣ್ಣದಾಗಲಿಲ್ಲ.

ಸಾಲು ಸಾಲಿಗೂ ಎಡ ಅಂಚಿನಲ್ಲಿ ಸಂಖ್ಯೆ,
ಸಾಲುಗಳ ನಡುವೆ ಎರಡರಷ್ಟು ಬಿಡುವು;
ತಪ್ಪು ಹುಡುಕುವವರಿಗೆ ಓಡಾಡಲು ಜಾಗ ಬೇಕಲ್ಲ.
ಉಲ್ಲೇಖಪಟ್ಟಿಯಲ್ಲಿ ರಷ್ಯನ್ ಹೆಸರುಗಳು
ಲ್ಯಾಟಿನ್ ಲಿಪಿಯ ಬೂಟು ತೊಟ್ಟು ಕುಂಟುತ್ತಿವೆ.
ಒಬ್ಬನೇ ಮನುಷ್ಯ ಮೂರು ಕಾಗುಣಿತದಲ್ಲಿ ಮೂವರಾಗಿದ್ದಾನೆ,
ಮೂವರನ್ನೂ ಕೂಡಿಸಿ ಒಬ್ಬನನ್ನು ಮಾಡುವಷ್ಟರಲ್ಲಿ
ಚಹಾ ಆರಿತು.

ಇದೆಲ್ಲ ಇದ್ದದ್ದೇ.
ಸಿಕ್ಕಿಬಿದ್ದದ್ದು ನಾಲ್ಕನೆಯ ಚಿತ್ರದಲ್ಲಿ.

ಕಂದಕದ ಗೋಡೆ, ಮೂಡಲಿಗೆ ಮುಖ.
ಕೆಳಗೆ ಜಲ್ಲಿ, ಜಲ್ಲಿಯ ಮೇಲೆ ಹಳದಿ ಮೆಕ್ಕಲು,
ಅದರ ಮೇಲೆ ಕಾಡಿಗೆ ಎಳೆದಷ್ಟು ಇದ್ದಿಲು
(ಎಂದಿನದೋ, ಯಾರದೋ ಒಲೆ).
ಒಂದು ಕಡೆ ಬಂದು ಎಲ್ಲ ಪದರವೂ ಒಟ್ಟಿಗೆ ಕಡಿದು
ಎರಡು ಮೊಳ ಕೆಳಗೆ ಜಾರಿವೆ,
ಗುಂಡಿ ತಪ್ಪಿ ಹಾಕಿದ ಅಂಗಿಯ ಹಾಗೆ.
ಪಕ್ಕದಲ್ಲಿ ನಿಂತಿದ್ದಾನೆ ಶಾರ್ಶೆನ್ ಬೈಕೆ,
ನಮ್ಮ ಜೀಪಿನ ಚಾಲಕ.
ಅಳತೆಪಟ್ಟಿಯನ್ನು ವಿದ್ಯಾರ್ಥಿಯೊಬ್ಬ ಹೊಳೆಗೆ ಬೀಳಿಸಿದ ದಿನ ಅದು.
'ನಾನೇ ನಿಲ್ಲುತ್ತೇನೆ ಬಿಡು' ಎಂದ.
ಕಲ್ಪಾಕ್ ತೆಗೆದು ನಿಲ್ಲಿ ಎಂದೆ.
'ಬೋಳು ಬೆಟ್ಟ ಒಂದು ಹಿಂದಿದೆಯಲ್ಲ, ಸಾಲದೆ?'
ಹಾಗಾಗಿ ಚಿತ್ರದ ಕೆಳಗೆ ಬರೆದೆ:
ಅಳತೆಗೆ ಮನುಷ್ಯ, ೧.೭೧ ಮೀಟರ್, ಟೋಪಿ ಬಿಟ್ಟು.

ಪತ್ರಿಕೆಯ ಕಚೇರಿ ಎರಡೇ ದಿನಕ್ಕೆ ತಿರುಗಿಸಿ ಕಳಿಸಿತು, ಬಲು ವಿನಯದಿಂದ:
ಗುರುತು ಹತ್ತುವ ವ್ಯಕ್ತಿ ಇದ್ದಲ್ಲಿ ಒಪ್ಪಿಗೆಪತ್ರ ಲಗತ್ತಿಸಿ.
ಇಲ್ಲವೇ ವ್ಯಕ್ತಿಯನ್ನು ತೆಗೆದು ಅಳತೆಗೆರೆ ಹಾಕಿ.

ಬಿಡಿಭಾಗಗಳ ಸಂತೆಯಲ್ಲಿ ಸಿಕ್ಕಿದ.
ಬಾನೆಟ್ಟಿನೊಳಗಿಂದ ತಲೆಯೆತ್ತಿ, ಕೈ ಒರೆಸಿಕೊಂಡು,
ಎರಡೂ ಪುಟ ಓದಿಸಿ ಕೇಳಿದ.
'ಯಾರು ನೋಡುತ್ತಾರೆ ಇದನ್ನ?'
'ಹದಿನೈದು ಜನ. ಅದೃಷ್ಟ ಇದ್ದರೆ.'
ನಕ್ಕ. ಪೆನ್ನು ಹಿಂದಕ್ಕೆ ಕೊಟ್ಟ.
'ನನ್ನ ತಾತ ಒಮ್ಮೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ, ಜಿಪಾರ್.
ಬೆಳಗಾಗುವಷ್ಟರಲ್ಲಿ ಕುದುರೆಗಳು ಹೋದವು. ಹನ್ನೊಂದು.
ನಿಲ್ಲು ಅಂದರೆ ಇನ್ನೊಮ್ಮೆ ನಿಲ್ಲುತ್ತೇನೆ,
ಸಹಿ ಕೇಳಬೇಡ.'

ಆ ರಾತ್ರಿ ಅವನನ್ನು ಕತ್ತರಿಸಿದೆ.
ಮೌಸು ಹಿಡಿದು ಎಡ ಅಂಚನ್ನು ಒಳಕ್ಕೆ ದೂಡಿದೆ:
ಭುಜ ಹೋಯಿತು, ಎಣ್ಣೆಗರೆಯ ಕೈ ಹೋಯಿತು,
ಬಿಸಿಲಿಗೆ ಕಿರಿದಾದ ಕಣ್ಣು ಕೊನೆಗೆ ಹೋಯಿತು.
ಅವನ ಬದಲಿಗೆ ಕಪ್ಪು, ಬಿಳಿ, ಕಪ್ಪು, ಒಂದು ಮೀಟರು.
ಮುನ್ನೂರು ಡಿಪಿಐ. ಹತ್ತು ಎಂಬಿಯ ಒಳಗೆ.
ಕೃತಜ್ಞತೆಯಲ್ಲಿ ಹೆಸರು ಬರೆದೆ;
ಅದಕ್ಕೂ ಲಿಖಿತ ಅನುಮತಿ ಬೇಕೆಂದು ಓದಿ
'ಚಾಲಕರಿಗೆ' ಎಂದು ತಿದ್ದಿದೆ.

ನಾಲ್ಕು ತಿಂಗಳಿಗೆ ಪರಿಶೀಲಕರ ಪತ್ರ ಬಂತು.
ಎರಡನೆಯವರದು ಹತ್ತೊಂಬತ್ತು ಆಕ್ಷೇಪ. ಹದಿನೇಳನೆಯದು:
'ಚಿತ್ರ ೪. ಹಳದಿ ಮೆಕ್ಕಲಿನ ಎಡಕ್ಕೆ ಕಪ್ಪು ಪಟ್ಟೆಯೊಂದು
ನೆಟ್ಟಗೆ ಏರಿ ತುದಿಯಲ್ಲಿ ಚೂಪಾಗಿದೆ.
ಲೇಖಕರು ಇದರ ಸುದ್ದಿಯನ್ನೇ ಎತ್ತಿಲ್ಲ.
ಎರಡನೆಯ ಬಿರುಕೇ? ಯಾವ ಕಾಲದ್ದು?'

ಪ್ರತಿ ಆಕ್ಷೇಪದ ಕೆಳಗೂ ನೀಲಿ ಅಕ್ಷರದಲ್ಲಿ ಉತ್ತರಿಸಬೇಕು,
ಅದೂ ನಿಯಮ. ನೀಲಿಯಲ್ಲಿ ಬರೆದೆ:

ಸೂಕ್ಷ್ಮವಾಗಿ ನೋಡಿದ ಪರಿಶೀಲಕರಿಗೆ ವಂದನೆ.
ಅದು ಬಿರುಕಲ್ಲ, ನೆರಳು.
ಕಾಲ: ಕಳೆದ ಜುಲೈ, ಬೆಳಿಗ್ಗೆ ಒಂಬತ್ತೂವರೆ,
ಹತ್ತು ನಿಮಿಷ ಹೆಚ್ಚುಕಡಿಮೆ.
ಟೋಪಿ ಸೇರಿ.